ಪಾಲಿಶ್ ಓಣಿಯ ಹನ್ನೆರಡು ಜಾಡಿಗಳು

ನಾಲವಾರದ ಅಣವೀರನನ್ನು ಸೈಂಟಿಸ್ಟ್ ಎಂದು ಮೊದಲು ಕರೆದವನು ಅಣವೀರನೇ. ಬಿ.ಎಸ್ಸಿ.ಯ ರಸಾಯನಶಾಸ್ತ್ರವನ್ನು ಎರಡನೆಯ ಯತ್ನದಲ್ಲಿ ಪಾಸು ಮಾಡಿ ಏಳು ವರ್ಷ ಸುಮ್ಮನೆ ಕುಳಿತಿದ್ದ ಆತನಿಗೆ, ವಿಶ್ವವಿದ್ಯಾಲಯದ ಒಂದು ಸಂಶೋಧನಾ ಯೋಜನೆಯಲ್ಲಿ ಹನ್ನೊಂದು ತಿಂಗಳ ಮಟ್ಟಿಗೆ 'ಕ್ಷೇತ್ರ ಸಹಾಯಕ' ಎಂಬ ಕೆಲಸ ಸಿಕ್ಕಿತು. ಆದೇಶ ಬಂದ ವಾರದಲ್ಲೇ ಮೊಣಕಾಲು ಮುಟ್ಟುವ ಬಿಳಿ ಕೋಟು ಹೊಲಿಸಿಕೊಂಡ. ಯೋಜನೆಯ ನಿಯಮಗಳಲ್ಲಿ ಕೋಟಿನ ಪ್ರಸ್ತಾಪವಿರಲಿಲ್ಲ. ಅದನ್ನು ಹಾಕಿಕೊಂಡು ಮುಂಜಾನೆಯ ಪ್ಯಾಸೆಂಜರ್ ಹತ್ತಿದರೆ ವಾಡಿ ಜಂಕ್ಷನ್ ಬರುವುದರೊಳಗೆ ಇಬ್ಬರಾದರೂ ಅವನ ಮುಂದೆ ನಾಲಿಗೆ ಚಾಚಿ ತೋರಿಸುತ್ತಿದ್ದರು. ಊರಲ್ಲಿ ಒಬ್ಬರು ಆಡನ್ನು ಹಿಡಿದು ತಂದರು. ಅಣವೀರ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಆಡಿಗೆ ವಿಶ್ರಾಂತಿ ಹೇಳಿದ.

ಯೋಜನೆ ಧೂಳಿನದು. ಶಹಾಬಾದಿನಲ್ಲಿ ಪಾಲಿಶ್ ಓಣಿ ಎಂಬುದೊಂದಿದೆ. ಓಣಿಯ ಒಂದು ಬದಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಉಜ್ಜಿ ನುಣುಪು ಮಾಡುವ ಒಂಬತ್ತು ಶೆಡ್ಡುಗಳು, ಇನ್ನೊಂದು ಬದಿಗೆ ಆ ಶೆಡ್ಡುಗಳಲ್ಲಿ ದುಡಿಯುವವರ ಮನೆಗಳು. ಉಜ್ಜುವಾಗ ಹರಿಯುವ ಕೆಸರು ಒಣಗಿದರೆ ಹಿಟ್ಟಿನಂಥ ಬಿಳಿ ಪುಡಿ. ಇಪ್ಪತ್ತು ವರ್ಷ ಆ ಪುಡಿಯನ್ನು ಒಂದೇ ಕಡೆ ಸುರಿದದ್ದರಿಂದ ಅಂಗನವಾಡಿಯ ಬೆನ್ನಿಗೆ ಒಂದು ಗುಡ್ಡ ಎದ್ದಿದೆ. ಗಾಳಿ ಎದ್ದ ದಿನ ಅಂಗನವಾಡಿಯ ಮಕ್ಕಳೆಲ್ಲ ತಲೆ, ಹುಬ್ಬು, ರೆಪ್ಪೆ ಬೆಳ್ಳಗಾಗಿ ನಿವೃತ್ತ ನೌಕರರ ಸಭೆಯಂತೆ ಕಾಣುತ್ತಾರೆ. ಕೆಮ್ಮುವುದೂ ಹಾಗೆಯೇ.

ಗುಡ್ಡ ತೆಗೆಸಬೇಕೆಂದು ಓಣಿಯ ಹೆಂಗಸರು ಆರು ವರ್ಷ ಅರ್ಜಿ ಕೊಟ್ಟರು. ಕೊನೆಗೆ ಒಂದು ಸಮಿತಿ ಆಯಿತು. ಸಮಿತಿ ಅಂಗನವಾಡಿಗೆ ಬಂದು, ಕುರ್ಚಿಗಳನ್ನು ಕರವಸ್ತ್ರದಿಂದ ಒರೆಸಿ ಕುಳಿತು, "ಇಲ್ಲಿ ಧೂಳು ಬೀಳುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವೇನು?" ಎಂದು ಕೇಳಿತು. ಆಧಾರವಿರಲಿಲ್ಲ. ಅದೇ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ದೇವಿಂದ್ರ ಎಂಬವರಿಗೆ ಧೂಳಿನ ಮೇಲೆ ಅನುದಾನ ಮಂಜೂರಾಗಿ, ಧೂಳು ಎಲ್ಲಿದೆ ಎಂದು ಅವರು ಹುಡುಕುತ್ತಿದ್ದರು. ಎರಡೂ ಕೂಡಿದವು. ಹನ್ನೆರಡು ಮನೆಗಳ ಮಾಳಿಗೆಯ ಮೇಲೆ ಹನ್ನೆರಡು ಗಾಜಿನ ಜಾಡಿ, ಮೂವತ್ತು ದಿನ, ಬಿದ್ದ ಧೂಳು ಮಿತಿ ಮೀರಿದ್ದರೆ ಗುಡ್ಡ ಊರ ಹೊರಗೆ, ಮೀರದಿದ್ದರೆ ಗುಡ್ಡ ಇದ್ದಲ್ಲೇ, ಅರ್ಜಿ ಮತ್ತೆ ತೆಗೆದುಕೊಳ್ಳುವುದಿಲ್ಲ. ಸಮಿತಿ ಇದನ್ನು ಬರೆದು ಸಹಿ ಹಾಕಿತು.

ಜಾಡಿಯ ವಿಧಾನ ಸರಳ. ತಳದಲ್ಲಿ ಒಂದಿಷ್ಟು ನೀರು, ಪಾಚಿ ಕಟ್ಟದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ, ಮೇಲೆ ತೆರೆದ ಬಾಯಿ. ಪ್ರೊಫೆಸರು ಅಣವೀರನಿಗೆ ಕೊಟ್ಟ ಸೂಚನೆಯೂ ಒಂದೇ ಸಾಲಿನದು: 'ಜಾಡಿಯನ್ನು ಮುಟ್ಟಬಾರದೆಂದು ಮನೆಯವರಿಗೆ ತಿಳಿಸುವುದು.'

ಇಷ್ಟನ್ನು ಹೇಳಿ ಇಳಿದುಬರಬಹುದಿತ್ತು. ಆದರೆ ಅಂದು ಕೋಟಿಗೆ ಇಸ್ತ್ರಿಯಾಗಿತ್ತು. ಹನ್ನೆರಡು ಮನೆಯ ಹೆಂಗಸರೂ ಅಂಗನವಾಡಿಯ ಮುಂದೆ ಸೇರಿದ್ದರು. ಶಿಕ್ಷಕಿ ಜಯಮಾಲಾ ಕುರ್ಚಿ ತಂದಿಟ್ಟು, "ನಾಕು ಮಾತ ಹೇಳ್ರಿ ಸರ್" ಎಂದರು. 'ಮುಟ್ಟಬೇಡಿ' ಎಂಬುದು ಒಂದು ಮಾತು. ಉಳಿದ ಮೂರನ್ನು ಅಣವೀರ ತಾನೇ ಹೊಂದಿಸಬೇಕಾಯಿತು.

"ತಾಯಂದಿರೇ," ಎಂದ. "ಇದು ಬರೇ ಜಾಡಿ ಅಲ್ಲ. ಯುನಿವರ್ಸಿಟಿನೇ ಬಂದು ನಿಮ್ಮ ಮಾಳಿಗಿ ಮ್ಯಾಲ ಕುಂತಂಗ. ಬೀಗರು ಬಂದ್ರ ಹ್ಯಾಂಗ ನೋಡ್ಕೋತೀರಿ? ಹಂಗ ನೋಡ್ಕೋರಿ. ನಿಮ್ಮ ಓಣಿ ಮರ್ಯಾದಿ ಇದರ ಮ್ಯಾಲ ನಿಂತದ."

ಜಯಮಾಲಾ ಚಪ್ಪಾಳೆ ತಟ್ಟಿದರು. ಮೂರು ಮಾತೂ ಚೆನ್ನಾಗಿ ಬಂದ ಸಂತೋಷದಲ್ಲಿ ಮೊದಲನೆಯದು ಉಳಿದೇ ಹೋಯಿತು.

"ನೀರ್ ಯಾಕ ನೀಲಿ ಅದರಿ ಸರ್?" ಎಂದು ಕೇಳಿದಳು ಆಶಾಬಿ. ಶೆಡ್ಡಿನಲ್ಲಿ ಕಲ್ಲು ಹೊರುವ ಹೆಂಗಸು. ಅಂಗನವಾಡಿಯ ಬೆಳ್ಳನೆಯ ತಲೆಗಳಲ್ಲಿ ಒಂದು ಅವಳ ಮಗಳದು.

"ಮೈಲುತುತ್ತ."

"ವಿಷನಾ?"

"ಸ್ವಲ್ಪ," ಎಂದ ಅಣವೀರ, ಸತ್ಯಕ್ಕೆ ಅಪಚಾರವಾಗದಂತೆ.

ಗುಡ್ಡಕ್ಕೆ ಅಂಟಿಕೊಂಡ ಮನೆ ಭೀಮಬಾಯಿಯದು. ಮೂವತ್ತು ವರ್ಷ ಪಾಲಿಶ್ ಮಷೀನಿನ ಮುಂದೆ ಕುಳಿತು ಎದ್ದವಳು. ಅವಳು ಉಸಿರು ತೆಗೆದುಕೊಂಡರೆ ದೂರದಲ್ಲಿ ಗೂಡ್ಸ್ ಗಾಡಿ ಸೀಟಿ ಹಾಕಿದಂತೆ ಕೇಳುತ್ತಿತ್ತು. ಅವಳ ಮಾಳಿಗೆಗೆ ಏಣಿ ಹಚ್ಚುತ್ತಿದ್ದ ಅಣವೀರನನ್ನು ಅವಳು ಕೆಳಗಿನಿಂದಲೇ ವಿಚಾರಿಸಿಕೊಂಡಳು.

"ಧೂಳ ನೋಡ್ಲಿಕ್ಕ ಜಾಡಿ ಯಾಕಪಾ ತಮ್ಮಾ? ನನ್ನ ಎದಿ ಅದ. ಮೂವತ್ತು ವರ್ಷದ್ದು ಕೂಡಿ ಕುಂತದ. ಕೊಯ್ದು ತೂಕ ಮಾಡ್ರಿ."

"ಆಯಿ, ನಮಗ ಬಾಯಿ ಅಳತಿ ಗೊತ್ತಿದ್ದ ಪಾತ್ರಿನೇ ಬೇಕು."

"ನನ್ನ ಬಾಯಿ ಅಳತಿ ಇಡೀ ಓಣಿಗೇ ಗೊತ್ತದ," ಎಂದಳು ಭೀಮಬಾಯಿ. ಆಮೇಲೆ ಗೋಡೆ ಹಿಡಿದು ನಿಂತು, "ನೋಡು, ಈ ಗುಡ್ಡ ಹೋಗದು ಕಂಡು ಹೋಗಬೇಕಂತ ಕುಂತೀನಿ. ಇಬ್ಬರಾಗ ಯಾರ ಮೊದಲ ಹೋಗ್ತಾರ, ನಿನ್ನ ಕೈಯಾಗ ಅದ" ಎಂದಳು.

ಅಣವೀರ ಏಣಿಯ ಮೇಲಿಂದಲೇ, "ಚಿಂತಿ ಬಿಡ್ರಿ. ವಿಜ್ಞಾನ ಸುಳ್ಳ ಹೇಳಂಗಿಲ್ಲ" ಎಂದ. ವಿಜ್ಞಾನ ಸುಳ್ಳು ಹೇಳುವುದಿಲ್ಲವೆಂಬುದು ನಿಜ. ಅದರ ಎದುರು ಇಟ್ಟದ್ದನ್ನೇ ಅದು ಹೇಳುತ್ತದೆ.

ಮರುದಿನ ಬೆಳಿಗ್ಗೆ ಆಶಾಬಿ ಮಾಳಿಗೆ ಹತ್ತಿದಳು. ನೀಲಿ ನೀರಿನ ಮೇಲೆ ಹಾಲಿನ ಕೆನೆಯಂತೆ ಬಿಳಿ ಪುಡಿ ಕೂತಿತ್ತು. "ಯಾ ಅಲ್ಲಾ, ಒಂದೇ ದಿನದಾಗ ಹಿಂಗಾತು!" ಎಂದು ಅವಳಿಗೆ ಗಾಬರಿಯಾಯಿತು. ಬೀಗರ ಪಾತ್ರೆ, ಬಂದ ಮರುದಿನವೇ ಹೊಲಸು. ಮಕ್ಕಳು ಮುಟ್ಟದಂತೆ ವಿಷದ ನೀರನ್ನು ದೂರದ ಕಲ್ಲುಚೂರಿನ ಮೇಲೆ ಚೆಲ್ಲಿ, ಸಾಬೂನು ಹಚ್ಚಿ, ಮೂರು ನೀರಿನಲ್ಲಿ ಜಾಲಾಡಿ, ಸೆರಗಿನಿಂದ ಒರೆಸಿ ಇಟ್ಟಳು. ಆಮೇಲೆ ಪಕ್ಕದ ಮಾಳಿಗೆಯ ಕಡೆ ನೋಡಿದಳು.

"ಆಯೀ, ನಿಮ್ಮ ಜಾಡಿ ನೋಡ್ರಿ ಜರಾ! ಯುನಿವರ್ಸಿಟಿಯವ್ರು ಬಂದ್ರ ಏನಂದಾರು?"

ಭೀಮಬಾಯಿಗೆ ಏಣಿ ಹತ್ತುವ ಶಕ್ತಿಯಿಲ್ಲ. "ನಂದೂ ಒಂದಿಷ್ಟು ತೊಳದು ಬಿಡವ್ವಾ, ಪುಣ್ಯಾ ಬರ್ತದ" ಎಂದಳು.

ಸಂಶಯ ಯಾರಿಗೂ ಬರಲಿಲ್ಲವೆಂದಲ್ಲ. "ಧೂಳ ಅಳೆಯೋ ಜಾಡಿ ಅಲ್ಲೇನವಾ ಅದು? ತೊಳಿಬೇಕೋ ಬಿಡಬೇಕೋ?" ಎಂದು ಮೂರನೆಯ ಮನೆಯ ಸುಂದರಮ್ಮ ಕೇಳಿದಳು. ಓಣಿಯಲ್ಲಿ ಓದಿದವರೆಂದರೆ ಜಯಮಾಲಾ ಒಬ್ಬರೇ, ಪ್ರಶ್ನೆ ಅವರ ಬಳಿಗೆ ಹೋಯಿತು. ಅವರು ವಿಚಾರ ಮಾಡಿ ಹೇಳಿದರು: "ನಾವು ಮಕ್ಕಳ ತೂಕದ ಮಷೀನ್ ದಿನಾ ಒರಸಿ ಇಡ್ತೀವಿ. ಜ್ವರದ ಕಡ್ಡಿನೂ ತೊಳದೇ ಇಡ್ತೀವಿ. ಹೊಲಸಿದ್ರ ತಪ್ಪು ತೋರಸ್ತಾವ. ಇದೂ ಹಂಗಾ." ಜಗತ್ತಿನ ಯಾವ ಉಪಕರಣದ ಬಗೆಗಾದರೂ ಇದು ಸರಿಯಾದ ಮಾತು, ಈ ಜಾಡಿಯೊಂದನ್ನು ಬಿಟ್ಟು.

ಅಂದಿನಿಂದ ಹನ್ನೆರಡು ಮಾಳಿಗೆಗಳಲ್ಲಿ ಪೈಪೋಟಿ ನಡೆಯಿತು. ಒಬ್ಬಳು ದಿನಕ್ಕೊಂದು ಸಲ ತೊಳೆದರೆ ಇನ್ನೊಬ್ಬಳು ಎರಡು ಸಲ ತೊಳೆದಳು. ಸುಂದರಮ್ಮ ಜಾಡಿಯ ಬಾಯಿಗೆ ಹಳೆಯ ಪಂಚೆ ಕಟ್ಟಿ, ಅದರ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲು ಹೇರಿದಳು. ಅರವತ್ತು ಮನೆಗಳ ಆ ಓಣಿಯಲ್ಲಿ, ಕುಡಿಯುವ ನೀರಿನ ಕೊಡದ ಮೇಲೂ ಪುಡಿ ಕೂಡುವ ಆ ತಿಂಗಳಲ್ಲಿ, ಧೂಳಿಲ್ಲದ ಜಾಗ ಹನ್ನೆರಡೇ ಇದ್ದವು.

ಮೂವತ್ತನೆಯ ದಿನ ಅಣವೀರ ಜಾಡಿ ಒಯ್ಯಲು ಬರುತ್ತಾನೆಂದು ತಿಳಿದಾಗ ಇನ್ನೊಂದು ಪ್ರಶ್ನೆ ಎದ್ದಿತು. ಬೇರೆಯವರ ಪಾತ್ರೆಯನ್ನು ಖಾಲಿ ತಿರುಗಿಸುವ ಪದ್ಧತಿ ಆ ಓಣಿಯಲ್ಲಿ ಇಲ್ಲ. ಮಜ್ಜಿಗೆಯ ತಂಬಿಗೆ ಬಂದರೂ ನಾಲ್ಕು ಕಾಳು ತೊಗರಿ ಹಾಕಿಯೇ ಕಳಿಸುತ್ತಾರೆ. ಇದು ನೀರು ತುಂಬಿ ಬಂದ ಪಾತ್ರೆ, ಹೋಗುವಾಗಲೂ ನೀರಿರಬೇಕು. ಬರೀ ನೀರು ಕೊಡುವುದು ಹೇಗೆ? ಮನೆಗೊಂದು ಮುಷ್ಟಿ ಸಕ್ಕರೆ ಬಿತ್ತು. ಭೀಮಬಾಯಿ ಸಕ್ಕರೆ ಡಬ್ಬಿಯ ತಳ ಕೆರೆದು ನೋಡಿ, ಬೆಲ್ಲದ ಹೆಂಟೆ ಹಾಕಿದಳು.

ಅಣವೀರ ಬಂದಾಗ ಜಾಡಿಗಳು ಥಳಥಳ ಹೊಳೆಯುತ್ತಿದ್ದವು. ಒಂದೂ ಒಡೆದಿರಲಿಲ್ಲ. ನೀಲಿ ಎಲ್ಲಿ ಹೋಯಿತೆಂಬ ಪ್ರಶ್ನೆ ಅವನಿಗೆ ಬಂದೇ ಬಂತು. ಆದರೆ ರಸಾಯನಶಾಸ್ತ್ರವನ್ನು ಎರಡನೆಯ ಯತ್ನದಲ್ಲಿ ಪಾಸು ಮಾಡಿದವರು ಇಂಥ ಪ್ರಶ್ನೆಗಳನ್ನು ಬೆನ್ನಟ್ಟಿ ಹೋಗುವುದಿಲ್ಲ. 'ಜಾಡಿ: ಸುಸ್ಥಿತಿ. ನೀರು: ತಿಳಿ. ಸಾರ್ವಜನಿಕರ ಸಹಕಾರ: ಅತ್ಯುತ್ತಮ' ಎಂದು ಬರೆದುಕೊಂಡ.

ಪ್ರಯೋಗಾಲಯದಲ್ಲಿ ನೀರನ್ನು ಸೋಸಿದರು. ಕರಗದ ಧೂಳು ಸೊನ್ನೆ. ವಿಭಾಗದ ಮಾಳಿಗೆಯ ಮೇಲೆ ಹೋಲಿಕೆಗಾಗಿ ಇಟ್ಟಿದ್ದ ಹದಿಮೂರನೆಯ ಜಾಡಿಯಲ್ಲಿ, ಅದನ್ನು ಯಾರೂ ತೊಳೆಯದಿದ್ದ ಕಾರಣ, ಸಾಕಷ್ಟು ಧೂಳಿತ್ತು. ಸೋಸಿದ ನೀರನ್ನು ಕಾಯಿಸಿ ಇಂಗಿಸಿದಾಗ ಪಾಲಿಶ್ ಓಣಿಯ ಪ್ರತಿ ಬಟ್ಟಲಿನ ತಳದಲ್ಲೂ ಹೊಂಬಣ್ಣದ ಅಂಟು ಉಳಿಯಿತು. ಭೀಮಬಾಯಿಯ ಬಟ್ಟಲಲ್ಲಿ ಅದು ಕಂದು. ತೂಕ ಇದುವರೆಗೆ ಯಾವ ಊರಿನ ಧೂಳಿನಲ್ಲೂ ಕಾಣದಷ್ಟು. ಪ್ರೊಫೆಸರ್ ದೇವಿಂದ್ರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಣವೀರ, ಇಷ್ಟೆಲ್ಲಾ ನೀರಾಗ ಕರಗೋ ಧೂಳು. ಸುಣ್ಣದ ಕಲ್ಲು ಹಿಂಗ ಕರಗಂಗಿಲ್ಲ. ಇದು ಹೊಸಾದು."

"ಸರ್, ಮೇಜಿನ ಮ್ಯಾಲ ಇರಬಿ ಬಂದಾವ್ರಿ."

"ಬರ್ಲಿ. ಎಣಿಸಿ ಬರ್ಕೋ."

"ಸರ್, ವಾಸನಿ ಪಾಕದ್ದು ಬರ್ಲಿಕತ್ತದ. ಒಂದಿಷ್ಟು ನಾಲಿಗಿ ಮ್ಯಾಲ..."

ಪ್ರೊಫೆಸರು ಗೋಡೆಯತ್ತ ಬೆರಳು ತೋರಿಸಿದರು. 'ಪ್ರಯೋಗಾಲಯದಲ್ಲಿ ಯಾವ ವಸ್ತುವನ್ನೂ ರುಚಿ ನೋಡತಕ್ಕದ್ದಲ್ಲ' ಎಂದು ಅಲ್ಲಿ ದಪ್ಪ ಅಕ್ಷರಗಳಲ್ಲಿತ್ತು. ಒಳ್ಳೆಯ ನಿಯಮ. ಅದರಿಂದ ಎಷ್ಟೋ ಜೀವ ಉಳಿದಿವೆ. ಅಂದು ಒಂದು ಗುಡ್ಡವೂ ಉಳಿಯಿತು.

ಮುಂದಿನ ವಾರ ವಿಶ್ವವಿದ್ಯಾಲಯದಲ್ಲಿ ಎಲ್ಲ ವಿಭಾಗಗಳ ಯೋಜನೆಗಳ ಪರಿಶೀಲನೆ. ಮಾರ್ಚ್ ತಿಂಗಳು. ಯಾರ ಯೋಜನೆಯೂ ಮುಂದೆ ಹೋಗಿರಲಿಲ್ಲ, ಎಲ್ಲರ ಅವಧಿಯೂ ಮುಗಿಯುತ್ತಿತ್ತು. ದೇವಿಂದ್ರರು 'ಕರಗುವ ಧೂಳು' ಎಂದು ಪರದೆಯ ಮೇಲೆ ತೋರಿಸಿದಾಗ, ಅಲ್ಲಿಯವರೆಗೆ ತೂಕಡಿಸುತ್ತಿದ್ದ ಸಭಾಂಗಣ ಎದ್ದು ಕುಳಿತಿತು. ಪ್ರಾಣಿಶಾಸ್ತ್ರದವರು ಇರುವೆಗಳ ಎಣಿಕೆಯನ್ನು ತಮಗೆ ಕೊಡಬೇಕೆಂದರು. ಆಹಾರ ತಂತ್ರಜ್ಞಾನದವರು ಅಂಟನ್ನು ಕೇಳಿದರು. ಅರ್ಥಶಾಸ್ತ್ರದವರು ಇಂಥ ಧೂಳಿನಿಂದ ಓಣಿಯ ಜನಕ್ಕೆ ಆಗುತ್ತಿರಬಹುದಾದ ಲಾಭವನ್ನು ಅಂದಾಜು ಮಾಡುವುದಾಗಿ ಹೇಳಿದರು. ಜಾನಪದದವರು ಧೂಳಿನ ಪದಗಳಿಗಾಗಿ ಒಂದು ಟೇಪ್ ರೆಕಾರ್ಡರ್ ಬೇಡಿದರು. ಓಣಿಗೆ ಹೋಗಿ ಬಂದವನು ಆ ಸಭಾಂಗಣದಲ್ಲಿ ಅಣವೀರನೊಬ್ಬನೇ. ಅವನು ಚಹಾದ ತಟ್ಟೆ ಹಿಡಿದು ನಿಂತಿದ್ದ.

ಹದಿನೈದು ದಿನಗಳಲ್ಲಿ ಸಮಿತಿ ಮತ್ತೆ ಪಾಲಿಶ್ ಓಣಿಗೆ ಬಂದಿತು. ಎದುರಿನ ಸಾಲಿನಲ್ಲಿ ಶೆಡ್ ಮಾಲೀಕರ ಸಂಘದ ಅಧ್ಯಕ್ಷ ಭಾಗಣ್ಣ, ಹಿಂದೆ ನೆಲದ ಮೇಲೆ ಹೆಂಗಸರು. ಭೀಮಬಾಯಿಯನ್ನು ಇಬ್ಬರು ತೋಳು ಹಿಡಿದು ತಂದು ಕೂಡಿಸಿದ್ದರು. ಎರಡು ತಿಂಗಳಲ್ಲಿ ಅವಳ ಉಸಿರಿನ ಸೀಟಿ ಇನ್ನಷ್ಟು ಹತ್ತಿರ ಬಂದಿತ್ತು.

ದೇವಿಂದ್ರರು ವರದಿ ಓದಿದರು. ಪಾಲಿಶ್ ಓಣಿಯಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಕರಗದ ಧೂಳು ಇಲ್ಲವೇ ಇಲ್ಲ. ಇರುವ ಧೂಳು ನೀರಿನಲ್ಲಿ ಕರಗುವಂಥದ್ದು, ಬಹುಶಃ ನಿರುಪದ್ರವಿ. ಹೋಲಿಸಿದರೆ ವಿಶ್ವವಿದ್ಯಾಲಯದ ಆವರಣವೇ ಹೆಚ್ಚು ಅಪಾಯದಲ್ಲಿದೆ.

ಭಾಗಣ್ಣ ಎದ್ದು ಕೈ ಮುಗಿದ. "ನಾ ಮೊದಲಿಂದ ಹೇಳ್ಲಿಕತ್ತಿದ್ದೆ ಸಾಹೇಬರ. ನಮ್ಮ ಕಲ್ಲು ಭಾಳ ಮರ್ಯಾದಸ್ಥ ಕಲ್ಲು. ಪಾಪ, ಪ್ರೊಫೆಸರ್ ಸಾಹೇಬರಿಗೆ ಯುನಿವರ್ಸಿಟಿದಾಗ ತ್ರಾಸ್ ಆಗಾಕತ್ತಿದ್ರ ಇಲ್ಲೇ ಬಂದು ಇರ್ಲಿ."

ಹಿಂದಿನಿಂದ ಭೀಮಬಾಯಿ ಏನೋ ಹೇಳಲು ಹೋದಳು, ಕೆಮ್ಮು ಬಂತು. ಸಭೆ ಕಾದಿತು. ಕೆಮ್ಮು ಮುಗಿಯಲಿಲ್ಲ. ಸಮಿತಿಯ ಅಧ್ಯಕ್ಷರು ಗಡಿಯಾರ ನೋಡಿದರು. ಆಗ ಆಶಾಬಿ ಎದ್ದು ನಿಂತಳು.

"ಸಾಹೇಬ್ರ, ಧೂಳ ಇಲ್ದೇ ಏನ್ರಿ? ನಾವೇ ದಿನಾ ತೊಳದೀವಿ. ಬೀಗರಂಗ ನೋಡ್ಕೋರಿ ಅಂದ್ರು, ನೋಡ್ಕೊಂಡೀವಿ. ಖಾಲಿ ಹ್ಯಾಂಗ ಕೊಡಬೇಕಂತ ಸಕ್ಕರಿ ನೀರ ಹಾಕಿ ಕೊಟ್ಟೀವಿ."

ಸಭೆಯಲ್ಲಿ ಎಲ್ಲರಿಗಿಂತ ಮೊದಲು ಅಣವೀರನ ಮುಖ ಬಿಳಿಚಿತು. ಅದೊಂದು ಸಲ ಅದು ಧೂಳಿನಿಂದಲ್ಲ.

ಅಧ್ಯಕ್ಷರು ಕಾಗದ ಸರಿಸಿದರು. "ಸಕ್ಕರಿ ಹಾಕಿದ್ದಕ್ಕ ದಾಖಲೆ ಅದ ಏನು?"

"ದಾಖಲೆ ಹ್ಯಾಂಗ ಇರ್ತದರಿ? ಮನಿ ಸಕ್ಕರಿ."

"ವಿಚಾರ ಮಾಡಿ ಮಾತಾಡು ತಾಯಿ. ಸರಕಾರಿ ಅನುದಾನದ ಪ್ರಯೋಗದಾಗ ಕೈ ಹಾಕೀನಿ ಅಂತ ಬರಕೊಟ್ರ ಅದು ಕೇಸ್ ಆಗ್ತದ. ಯಾರ್ ಯಾರು ಹಾಕೀರಿ, ಹೆಸರ ಹೇಳ್ರಿ. ಬರ್ಕೋತೀವಿ."

ಉಳಿದ ಮನೆಗಳ ಹೆಂಗಸರು ನೆಲ ನೋಡಿದರು. ಜಯಮಾಲಾ ತಮ್ಮ ಹಾಜರಿ ಪುಸ್ತಕ ನೋಡಿದರು. ಆಶಾಬಿ ಒಂದು ಕ್ಷಣ ಒಬ್ಬಳೇ ನಿಂತಿದ್ದು, ಮಗಳ ಕೈ ಹಿಡಿದು ಕುಳಿತಳು.

ಅಣವೀರ ಎದ್ದ. ಪ್ರೊಫೆಸರು ಅವನ ಕೋಟಿನ ತುದಿ ಹಿಡಿದೆಳೆದರೂ ಎದ್ದ. "ಸಾಹೇಬ್ರ, ತಪ್ಪು ಇವರದಲ್ಲ. ಮುಟ್ಟಬ್ಯಾಡ್ರಿ ಅಂತ ಹೇಳೋದು ನನ್ನ ಕೆಲಸ ಇತ್ತು. ನಾ ಭಾಷಣ ಮಾಡಿದೆ."

"ನೀವು ಯಾರು?"

ಕೋಟು ಒಂದು ಉತ್ತರ ಹೇಳುತ್ತಿತ್ತು. ಅಣವೀರ ಇನ್ನೊಂದು ಹೇಳಿದ. "ಕ್ಷೇತ್ರ ಸಹಾಯಕರಿ. ಹನ್ನೊಂದು ತಿಂಗಳದವ."

"ಹಂಗಾದ್ರ ಕುಂದ್ರಿ."

ನಡಾವಳಿಯಲ್ಲಿ ಹೀಗೆ ಬರೆಯಲಾಯಿತು: 'ಸ್ಥಳೀಯರಿಂದ ಸಕ್ಕರೆ ಸಂಬಂಧ ಮೌಖಿಕ ಹೇಳಿಕೆ ಬಂದಿದ್ದು, ಪೂರಕ ದಾಖಲೆ ಇಲ್ಲದ ಕಾರಣ ಪರಿಗಣಿಸಿಲ್ಲ. ಅರ್ಜಿ ಮುಕ್ತಾಯ.'

ಶಹಾಬಾದ್ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಅಣವೀರ ಪ್ರೊಫೆಸರನ್ನು ಬಿಡಲಿಲ್ಲ. "ಸರ್, ಇನ್ನೊಂದ್ ಸಲ ಜಾಡಿ ಇಡೋಣು. ನಾ ಮಾಳಿಗಿ ಮ್ಯಾಲೇ ಮಲಗತೀನಿ. ಯಾರಿಗೂ ಮುಟ್ಟಗೊಡಂಗಿಲ್ಲ."

ದೇವಿಂದ್ರರು ಕೆಟ್ಟವರಲ್ಲ. ಬೆಂಚಿನ ಮೇಲೆ ಅವನಿಗೂ ಜಾಗ ಮಾಡಿಕೊಟ್ಟರು. "ಜಾಡಿಗೆ ಮೂವತ್ತು ದಿನ ಬೇಕು. ಮಾರ್ಚ್ ಮುಗಿಲಿಕ್ಕ ನಾಕು ದಿನ ಉಳದಾವ. ಮೂವತ್ತೊಂದಕ್ಕ ಯೋಜನಿ ಸಾಯ್ತದ, ನೀನೂ ಮನೀಗಿ. ಆದ್ರ ಕೇಳು, ಎರಡನೇ ಹಂತ ಮಂಜೂರಾಗ್ಯದ. ಐದು ವಿಭಾಗ ಕೂಡಿ, ಮೂರು ವರ್ಷ. ಅದರಾಗ ಮತ್ತ ಜಾಡಿ ಇಡೋಣು. ಸತ್ಯ ಏನದ ಅದು ಹೊರಗ ಬಂದೇ ಬರ್ತದ."

"ಅಲ್ಲೀ ತನ ಗುಡ್ಡ?"

ಪ್ರೊಫೆಸರು ಹಳಿಯ ಕಡೆ ನೋಡಿದರು. "ಗುಡ್ಡ ಇರಬೇಕಲ್ಲೋ. ಅದನ್ನ ತಗದ್ರ ಅಳತಿ ಮಾಡೋದು ಏನನ್ನ?"

ಏಪ್ರಿಲ್ ಮೊದಲ ವಾರದಲ್ಲಿ ಗುಡ್ಡದ ಸುತ್ತ ತಂತಿ ಬೇಲಿ ಬಂತು. ಇಪ್ಪತ್ತು ವರ್ಷದಲ್ಲಿ ಆ ಓಣಿಯಲ್ಲಿ ಸರ್ಕಾರಿ ಅನುದಾನದಿಂದ ಆದ ಮೊದಲ ಕಾಮಗಾರಿ ಅದು. 'ಸಂಶೋಧನಾ ಕ್ಷೇತ್ರ. ಪುಡಿಯನ್ನು ಮುಟ್ಟುವುದು, ತೆಗೆಯುವುದು, ನೀರು ಚಿಮುಕಿಸುವುದು ನಿಷೇಧಿಸಲಾಗಿದೆ' ಎಂದು ಬೋರ್ಡು ಬರೆಸಿದರು. ಮುಟ್ಟಬಾರದೆಂಬ ಮಾತು ಈ ಸಲ ಮರೆಯಲಿಲ್ಲ. ಬೇಸಿಗೆಯ ಗಾಳಿ ಬೇಲಿಯೊಳಗಿಂದ ಎದ್ದು ಬೋರ್ಡನ್ನೂ ಅಂಗನವಾಡಿಯನ್ನೂ ಒಂದೇ ಬಣ್ಣ ಮಾಡಿತು.

ಎರಡನೆಯ ಹಂತಕ್ಕೆ ಗುಡ್ಡದ ಹತ್ತಿರದ ಮನೆಯವರ ಒಪ್ಪಿಗೆ ಪತ್ರ ಬೇಕಿತ್ತು. ಮತ್ತೆ ಹನ್ನೊಂದು ತಿಂಗಳ ಮಟ್ಟಿಗೆ ಕೆಲಸಕ್ಕೆ ಸೇರಿದ್ದ ಅಣವೀರ ಕೋಟಿಲ್ಲದೆ ಬಂದ. ಭೀಮಬಾಯಿ ಗೋಡೆಗೆ ಎರಡು ದಿಂಬು ಒರಗಿಸಿ ಕುಳಿತಿದ್ದಳು, ಮಲಗಿದರೆ ಉಸಿರಾಡಲಾಗುತ್ತಿರಲಿಲ್ಲ. ಆಶಾಬಿ ಅವಳ ಬೆನ್ನು ನೀವುತ್ತಿದ್ದಳು. ಅಣವೀರ ಕಾಗದ ಮುಂದೆ ಹಿಡಿದ.

"ನೀವು ಬ್ಯಾಡ ಅಂದ್ರ ನಾ ಹೊಳ್ಳಿ ಹೋಗ್ತೀನಿ, ಆಯಿ."

"ನಾ ಬ್ಯಾಡಂದ್ರ ಗುಡ್ಡ ಹೋಗ್ತದೇನು?"

"ಇಲ್ಲ."

"ಮತ್ತ ನಿನ್ನ ಹೊಟ್ಟಿ ಮ್ಯಾಲ ಯಾಕ ಹೊಡಿಲಿ? ತಾ ಇಲ್ಲಿ." ಹೆಬ್ಬೆಟ್ಟು ಒತ್ತಿ ಅದನ್ನು ದಿಟ್ಟಿಸಿ ನೋಡಿದಳು. "ಎಷ್ಟ್ ವರ್ಷದ್ದು ಇದು?"

"ಮೂರು."

"ಮೂರು ವರ್ಷ! ನಡುವ ನಾ ಹೋದ್ರ ನಿನ್ನ ಕಾಗದ ಕೆಡಂಗಿಲ್ಲೇನು?"

ಕೆಡುವುದಿಲ್ಲ. ಏಳನೆಯ ಕಲಮಿನಲ್ಲಿ 'ಮಾಹಿತಿದಾರರು ಲಭ್ಯವಿಲ್ಲದಿದ್ದಲ್ಲಿ ಬದಲಿ ವ್ಯಕ್ತಿಯ ಹೆಸರು' ಎಂದಿತ್ತು. ಓದದೆ ಮಡಚಬೇಕೆಂದು ಅಣವೀರ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಓದಿದ.

"ಭಾಳ ಶ್ಯಾಣ್ಯಾರು ನಿಮ್ಮವ್ರು," ಎಂದಳು ಭೀಮಬಾಯಿ, ಉಸಿರು ಕೂಡಿಸಿಕೊಂಡು. "ಎಲ್ಲಾ ಮೊದಲೇ ವಿಚಾರ ಮಾಡ್ಯಾರ. ಬರಿ. ಆಶಾಬಿ. ಆಕೀಗಿ ಇನ್ನಾ ಬರೇ ಒಣಾ ಕೆಮ್ಮು. ಮೂರು ವರ್ಷ ಬಾಳ್ತಾಳ."

ಆಶಾಬಿ ಬೆನ್ನು ನೀವುವುದನ್ನು ನಿಲ್ಲಿಸಲಿಲ್ಲ. "ಬರಕೋರಿ ಸರ್. ನನ್ನ ಹಿಂದ ಮತ್ತೊಬ್ರದು ಕೇಳ್ಯಾರೇನು? ಕೇಳಿದ್ರ ನನ್ನ ಮಗಳದು ಈಗಲೇ ಬರಕೊಂಡು ಬಿಡ್ರಿ, ಸುಮ್ಮ ಮತ್ತ ಮತ್ತ ಯಾಕ ಅಡ್ಡಾಡ್ತೀರಿ."

ಅಣವೀರ ಕಾಗದವನ್ನು ತಿರುವಿದ. ಆ ಕಲಮೂ ಇತ್ತು.